ಬೆಂಗಳೂರಿನ ಕೋಣೆಗೆ ಊರಿನದೆಷ್ಟು, ಪೇಟೆಯದೆಷ್ಟು?

ಪಿ.ಯು. ಫಲಿತಾಂಶ ಬಂದು, ಸೀಟು ಖಚಿತವಾಗಿ, ಬೆಂಗಳೂರಿನಲ್ಲಿ ಒಂದು ಕೋಣೆಯೂ ಗೊತ್ತಾಯಿತೆಂದರೆ ಗೆಜ್ಜಲಗೆರೆಯಂಥ ಊರಿನ ಮನೆಗಳಲ್ಲಿ ಇನ್ನೊಂದು ಲೆಕ್ಕಾಚಾರ ಶುರುವಾಗುತ್ತದೆ. ಕಾಲೇಜಿನ ಶುಲ್ಕ ಕಟ್ಟಿಯಾಯಿತು, ಕೋಣೆಯ ಅಡ್ವಾನ್ಸ್ ಕೊಟ್ಟಾಯಿತು. ಇನ್ನು ಬಕೆಟ್ಟು, ಹಾಸಿಗೆ, ತಟ್ಟೆ, ಲೋಟ, ಕುಕ್ಕರು. ಒಂದೊಂದೂ ಸಣ್ಣ ಬಾಬತ್ತೇ. ಆದರೆ ಎಲ್ಲವನ್ನೂ ಒಂದೇ ದಿನ ಕೊಳ್ಳಲು ಹೊರಟರೆ ಹಾಲಿನ ಬಟವಾಡೆಯಲ್ಲಿ ತಿಂಗಳುಗಟ್ಟಲೆ ಕೂಡಿಸಿಟ್ಟ ಹಣ ಸಂಜೆಯೊಳಗೆ ಕರಗಿಹೋಗಿರುತ್ತದೆ.

ಮದ್ದೂರು ಮತ್ತು ಮಂಡ್ಯದ ನಡುವೆ ಹೆದ್ದಾರಿಯ ಬದಿಯಲ್ಲೇ ಇರುವ, ಮನ್‌ಮುಲ್ ಡೇರಿಯಿಂದ ಹೆಸರಾದ ಈ ಊರಿಗೆ ಬೆಂಗಳೂರು ತೊಂಬತ್ತು ಕಿಲೋಮೀಟರಿನೊಳಗೇ ಇದೆ. ಮದ್ದೂರಿನಲ್ಲಿ ರೈಲು ಹತ್ತಿದರೆ ಕೆಂಗೇರಿಯಲ್ಲೋ ಮೆಜೆಸ್ಟಿಕ್ ಪಕ್ಕದ ನಿಲ್ದಾಣದಲ್ಲೋ ಇಳಿಯಬಹುದು. 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಯಿಂದಾಗಿ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ಸಿನ ಪ್ರಯಾಣಕ್ಕೆ ಕಾಸಿಲ್ಲ. ಬೀದರಿನಿಂದಲೋ ಕಾರವಾರದಿಂದಲೋ ಬರುವ ವಿದ್ಯಾರ್ಥಿಗೆ ಇಲ್ಲದ ಅನುಕೂಲವಿದು. ಹದಿನೈದು ದಿನಕ್ಕೊಮ್ಮೆ ಊರಿಗೆ ಬರುವ ಮಗ ಅಥವಾ ಮಗಳು ಪ್ರತಿ ಸಲವೂ ಒಂದೊಂದು ಸಾಮಾನು ಒಯ್ದರೆ ಸಾಕು. ಆದರೂ ಮೊದಲ ದಿನವೇ ಎಲ್ಲವೂ ಇರಬೇಕೆಂಬ ಹಟ ಮಕ್ಕಳಿಗಿಂತ ತಾಯ್ತಂದೆಯರಿಗೇ ಹೆಚ್ಚು.

ಮೊದಲ ವಾರಕ್ಕೆ ಬೇಕಾದದ್ದು ಹಾಸಿಗೆ, ಹೊದಿಕೆ, ಬಕೆಟ್ಟು, ಮಗ್ಗು, ತಟ್ಟೆ, ಲೋಟ, ಒಂದು ಬೀಗ. ಉಳಿದದ್ದಕ್ಕೆ ಕಾಯುವುದೇ ಲೇಸು. ಹಾಸ್ಟೆಲಿನಲ್ಲಿ ಮಂಚ ಇದೆಯೇ? ಪಿ.ಜಿ.ಯಲ್ಲಿ ಅಡುಗೆ ಮಾಡಿಕೊಳ್ಳಲು ಬಿಡುತ್ತಾರೆಯೇ? ವಾಟರ್ ಹೀಟರ್ ಬಳಸಬಹುದೇ? ಇದನ್ನೆಲ್ಲ ಕೇಳದೆ ಇಂಡಕ್ಷನ್ ಒಲೆ ಕೊಂಡು, ಅದು ವರ್ಷವಿಡೀ ಮಂಚದ ಕೆಳಗೆ ಧೂಳು ತಿಂದ ಉದಾಹರಣೆಗಳಿಗೆ ಲೆಕ್ಕವಿಲ್ಲ.

ಊರಿನಿಂದ ಒಯ್ಯಬಹುದಾದ್ದು ಅಟ್ಟದ ಮೇಲೇ ಇರುತ್ತದೆ. ಮದುವೆ, ಗೃಹಪ್ರವೇಶಗಳಲ್ಲಿ ಉಡುಗೊರೆಯಾಗಿ ಬಂದು ಬಿಚ್ಚದೇ ಉಳಿದ ಸ್ಟೀಲ್ ಡಬ್ಬಿ, ತಟ್ಟೆಗಳು ಯಾವ ಮನೆಯಲ್ಲಿಲ್ಲ? ಬೂರುಗದ ಹತ್ತಿಯ ಹಳೆಯ ಹಾಸಿಗೆಯನ್ನು ಬಿಚ್ಚಿ, ಬಿಸಿಲಿಗೆ ಹಾಕಿ, ಹೊಸ ಬಟ್ಟೆಯಲ್ಲಿ ತುಂಬಿಸಿದರೆ ಪೇಟೆಯ ಅಗ್ಗದ ಸ್ಪಂಜಿನ ಹಾಸಿಗೆಗಿಂತ ಹೆಚ್ಚು ದಿನ ಬಾಳುತ್ತದೆ. ಹಿತ್ತಾಳೆ ಪಾತ್ರೆ ಮಾತ್ರ ಬೇಡ. ಕಲಾಯಿ ಹೋದ ಹಿತ್ತಾಳೆಯಲ್ಲಿ ಹುಣಸೆಹುಳಿಯ ಸಾರು ಇಟ್ಟರೆ ತಾಮ್ರದ ಅಂಶ ಆಹಾರಕ್ಕೆ ಇಳಿಯುತ್ತದೆ. ಕಲಾಯಿ ಹಾಕುವವರನ್ನು ಹುಡುಗರು ಬೆಂಗಳೂರಿನಲ್ಲಿ ಎಲ್ಲಿ ಹುಡುಕಿಯಾರು?

ಪೇಟೆಯ ದಾರಿ

ಉಳಿದದ್ದನ್ನು ಕೊಳ್ಳಲು ಹಳೆಯ ಪೇಟೆಗಿಂತ ಬೇರೆ ಜಾಗ ಬೇಕಿಲ್ಲ. ಮೆಜೆಸ್ಟಿಕ್‌ನಿಂದ ಮೆಟ್ರೊದ ಹಸಿರು ಮಾರ್ಗದಲ್ಲಿ ಒಂದೇ ನಿಲ್ದಾಣ ದಾಟಿದರೆ ಚಿಕ್ಕಪೇಟೆ, ಅದರ ಮುಂದಿನದು ಕೃಷ್ಣರಾಜ ಮಾರುಕಟ್ಟೆ. ಕೆಂಪೇಗೌಡರ ಕಾಲದಿಂದ ಬೆಳೆದ ಈ ಪ್ರದೇಶದಲ್ಲಿ ಅಕ್ಕಿಪೇಟೆ, ಅರಳೇಪೇಟೆ, ಕುಂಬಾರಪೇಟೆ ಎಂಬ ಹೆಸರುಗಳೇ ಯಾವ ಕಾಲದಲ್ಲಿ ಎಲ್ಲಿ ಏನು ಸಿಗುತ್ತಿತ್ತೆಂದು ಹೇಳುತ್ತವೆ. ಇಂದು ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯಲ್ಲಿ ವಿದ್ಯುತ್ ಸಾಮಾನು, ಅವೆನ್ಯೂ ರಸ್ತೆಯಲ್ಲಿ ಹೊಸ ಹಾಗೂ ಹಳೆಯ ಪಠ್ಯಪುಸ್ತಕಗಳು, ಸುತ್ತಲಿನ ಓಣಿಗಳಲ್ಲಿ ಪಾತ್ರೆ, ಪ್ಲಾಸ್ಟಿಕ್ಕು. ವಾರದ ದಿನವೇ ಹೋಗುವುದು ಒಳ್ಳೆಯದು. ಭಾನುವಾರ ಬಹಳಷ್ಟು ಸಗಟು ಅಂಗಡಿಗಳ ಬಾಗಿಲು ಹಾಕಿರುತ್ತದೆ.

ಸ್ಟೀಲ್ ಪಾತ್ರೆಯನ್ನು ತೂಕದ ಮೇಲೆ ಕೊಡುವ ಅಂಗಡಿಗಳಿವೆ. ತಕ್ಕಡಿ ಸೊನ್ನೆಯಲ್ಲಿದೆಯೇ ಎಂದು ನೋಡಿಕೊಳ್ಳಬೇಕು. ಅಯಸ್ಕಾಂತ ಹಿಡಿದರೆ ಸ್ಟೀಲು ಕಳಪೆ, ಹಿಡಿಯದಿದ್ದರೆ ಉತ್ತಮ ಎಂಬ ನಂಬಿಕೆ ಅರ್ಧ ಮಾತ್ರ ನಿಜ. ನಿಕ್ಕಲ್ ಹೆಚ್ಚಿರುವ ಒಳ್ಳೆಯ ಸ್ಟೀಲಿಗೆ ಅಯಸ್ಕಾಂತ ಅಂಟುವುದಿಲ್ಲ ಎಂಬುದು ಸರಿ. ಆದರೆ ನಿಕ್ಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಸೇರಿಸಿದ ಅಗ್ಗದ ಸ್ಟೀಲಿಗೂ ಅಂಟುವುದಿಲ್ಲ! ಹಾಗಿದ್ದರೂ ಜೇಬಿನಲ್ಲಿ ಒಂದು ಅಯಸ್ಕಾಂತ ಇರಲಿ. ಇಂಡಕ್ಷನ್ ಒಲೆಗೆ ಪಾತ್ರೆ ಕೊಳ್ಳುವಾಗ ಅದು ತಳಕ್ಕೆ ಗಟ್ಟಿಯಾಗಿ ಅಂಟಲೇಬೇಕು. ಅಂಟದ ಸಾದಾ ಅಲ್ಯೂಮಿನಿಯಂ ಪಾತ್ರೆ ಆ ಒಲೆಯ ಮೇಲೆ ಬಿಸಿಯಾಗುವುದೇ ಇಲ್ಲ. ಗ್ಯಾಸ್ ಒಲೆಯ ಮಟ್ಟಿಗೆ ಅಲ್ಯೂಮಿನಿಯಮ್ಮೇ ಮೇಲು. ಅದು ಸ್ಟೇನ್‌ಲೆಸ್ ಸ್ಟೀಲಿಗಿಂತ ಹತ್ತು ಪಟ್ಟಿಗೂ ಹೆಚ್ಚು ಚೆನ್ನಾಗಿ ಶಾಖವನ್ನು ಹರಡುತ್ತದೆ. ತೆಳು ತಳದ ಸ್ಟೀಲ್ ಪಾತ್ರೆಯಲ್ಲಿ ಅನ್ನ ನಡುವೆ ಸೀದು ಅಂಚಿನಲ್ಲಿ ಹಸಿಯಾಗಿರುವುದು ಇದೇ ಕಾರಣಕ್ಕೆ.

ಅಗ್ಗವಾಗಬಾರದ ಮೂರು

ತಟ್ಟೆ, ಲೋಟ, ಬಕೆಟ್ಟುಗಳಲ್ಲಿ ಎಷ್ಟು ಚೌಕಾಸಿ ಮಾಡಿದರೂ ಸರಿಯೇ. ಕಳಪೆ ಬಕೆಟ್ಟು ಒಡೆದರೆ ನೀರು ಚೆಲ್ಲುತ್ತದೆ, ಅಷ್ಟೆ. ಆದರೆ ವಿದ್ಯುತ್ತು, ಹಬೆ ಮತ್ತು ಅನಿಲ ಇರುವಲ್ಲಿ ಉಳಿಸುವ ನೂರು ರೂಪಾಯಿ ಜೀವದ ಬೆಲೆಯಾಗಬಹುದು.

ಬಕೆಟ್ಟಿನಲ್ಲಿ ಮುಳುಗಿಸಿ ನೀರು ಕಾಯಿಸುವ ರಾಡನ್ನೇ ನೋಡಿ. 15 ಲೀಟರ್ ನೀರನ್ನು 20ರಿಂದ 45 ಡಿಗ್ರಿಗೆ ಏರಿಸಲು 1500 ವಾಟ್‌ನ ರಾಡಿಗೆ ಹದಿನೇಳು ಹದಿನೆಂಟು ನಿಮಿಷ ಸಾಕು, ಅರ್ಧ ಯೂನಿಟ್ಟೂ ಖರ್ಚಾಗದು. ಆದರೆ ಅದು ಎಳೆಯುವ ವಿದ್ಯುತ್ತು ಆರೂವರೆ ಆಂಪಿಯರ್. ಕೋಣೆಯ ಸಣ್ಣ ಪ್ಲಗ್ಗಿನ ಮಿತಿ 6 ಆಂಪಿಯರ್, ಅಂದರೆ 230 ವೋಲ್ಟಿನಲ್ಲಿ 1380 ವಾಟ್. ಆ ಪ್ಲಗ್ಗಿಗೆ ಫುಟ್‌ಪಾತಿನ ಎಕ್ಸ್‌ಟೆನ್ಷನ್ ಬೋರ್ಡು ಸಿಕ್ಕಿಸಿ, ಅದಕ್ಕೆ ರಾಡು ಜೋಡಿಸಿದರೆ ತೆಳು ತಂತಿ ಕಾದು, ಮೇಲಿನ ಪ್ಲಾಸ್ಟಿಕ್ ಕರಗುತ್ತದೆ. 16 ಆಂಪಿಯರಿನ ದೊಡ್ಡ ಪ್ಲಗ್ಗು ಇಲ್ಲದ ಕೋಣೆಯಲ್ಲಿ ರಾಡಿನ ಯೋಚನೆಯೇ ಬೇಡ. ಇದ್ದರೂ ಮೊದಲು ನೀರಿನಲ್ಲಿ ಮುಳುಗಿಸಿ ಆಮೇಲೆ ಸ್ವಿಚ್ಚು ಹಾಕಬೇಕು. ಸ್ವಿಚ್ಚು ಆರಿಸಿ, ಪ್ಲಗ್ಗು ಕಿತ್ತ ಮೇಲೆಯೇ ನೀರಿಗೆ ಕೈ ಹಾಕಬೇಕು. ಕಬ್ಬಿಣದ ಬಕೆಟ್ಟಂತೂ ಕೂಡದು.

ಕುಕ್ಕರಿನೊಳಗೆ ಹಬೆಯ ಒತ್ತಡ ಏರಿ ನೀರು ಸುಮಾರು 120 ಡಿಗ್ರಿಯವರೆಗೆ ಕಾಯುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವುದರಿಂದ ತೆರೆದ ಪಾತ್ರೆಯಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತದೆ. ಆದ್ದರಿಂದ ಬೇಳೆ ಬೇಯಲು ಕುಕ್ಕರು ಬೇಕೇ ಬೇಕು. ಇಬ್ಬರಿಗೆ 3 ಲೀಟರಿನದು ಧಾರಾಳವಾಯಿತು. ಸೆಕೆಂಡ್‌ಹ್ಯಾಂಡ್ ಕುಕ್ಕರಿನ ಸುರಕ್ಷತಾ ಕವಾಟವನ್ನು ಯಾರು ಯಾವಾಗ ಯಾವುದರಿಂದ ಬದಲಿಸಿದ್ದಾರೋ ತಿಳಿಯದು. ಅದನ್ನು ಪುಕ್ಕಟೆ ಕೊಟ್ಟರೂ ಬೇಡ ಎನ್ನಬೇಕು. ಹೊಸದರ ಮೇಲೆ ಐ.ಎಸ್.ಐ. ಮುದ್ರೆಯ ಜೊತೆಗೆ ಸಿ.ಎಂ./ಎಲ್. ಎಂದು ಆರಂಭವಾಗುವ ಪರವಾನಗಿ ಸಂಖ್ಯೆಯೂ ಇರಬೇಕು. ಮುದ್ರೆ ಅಸಲಿಯೋ ನಕಲಿಯೋ ಎಂಬುದನ್ನು ಭಾರತೀಯ ಮಾನಕ ಬ್ಯೂರೊದ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿ ಅಂಗಡಿಯಲ್ಲಿ ನಿಂತೇ ಪರೀಕ್ಷಿಸಬಹುದು.

ಗ್ಯಾಸಿನ ವಿಷಯದಲ್ಲಿ, ಗುರುತಿನ ಚೀಟಿ ತೋರಿಸಿ ಏಜೆನ್ಸಿಯಿಂದಲೇ 5 ಕಿಲೋ ಸಿಲಿಂಡರ್ ಪಡೆಯಲು ಅವಕಾಶವಿದೆ. ಓಣಿಯಲ್ಲಿ ತುಂಬಿಸಿಕೊಡುವ, ಹೆಸರಿಲ್ಲದ ಪುಟ್ಟ ಸಿಲಿಂಡರಿನ ಸಹವಾಸ ಬೇಡ. ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ಮೇಲೆ ಹಾರಿಹೋಗದೆ ನೆಲದ ಮೇಲೇ ಹರಡಿ ನಿಲ್ಲುತ್ತದೆ. ಕಿಟಕಿ ಮೇಲಿದ್ದು ಬಾಗಿಲು ಹಾಕಿದ ಕೋಣೆಯಲ್ಲಿ ಹುಡುಗರು ಮಲಗುವುದೂ ನೆಲದ ಮೇಲೆಯೇ.

ಪೇಟೆಯಿಂದ ಹೊರಡುವ ಮುನ್ನ ಇನ್ನೊಂದು ಸಣ್ಣ ಕೆಲಸ ಉಳಿದಿರುತ್ತದೆ. ಪಾತ್ರೆಯ ಮೇಲೆ ಹೆಸರು ಕೊರೆದುಕೊಡುವ ಪುಟ್ಟ ಯಂತ್ರ ಅನೇಕ ಅಂಗಡಿಗಳಲ್ಲಿರುತ್ತದೆ. ನಾಲ್ವರು ಹಂಚಿಕೊಂಡ ಕೋಣೆಯಲ್ಲಿ ನಾಲ್ಕು ಲೋಟಗಳೂ ಒಂದೇ ಥರ. ಹೆಸರಿನ ಜೊತೆಗೆ ಊರಿನ ಹೆಸರನ್ನೂ ಹಾಕಿಸಿಕೊಂಡರೆ, ಕೊನೆಯ ಸೆಮಿಸ್ಟರ್ ಮುಗಿದು ಗಂಟು ಕಟ್ಟುವ ದಿನ ಗೆಜ್ಜಲಗೆರೆಯ ಲೋಟ ಗೆಜ್ಜಲಗೆರೆಗೇ ಮರಳುತ್ತದೆ.