ತಣಿಸಂದ್ರದಿಂದ ಟಿಪ್ಪು ಅರಮನೆವರೆಗೆ: ಗೈಡ್ ಕಾರು ಎಲ್ಲೆಲ್ಲಿ ನಿಲ್ಲುತ್ತೆ, ಎಲ್ಲಿ ನಿಲ್ಲಲ್ಲ?

ಬೆಂಗಳೂರು ನೋಡಲು ವಿಮಾನದಲ್ಲಿ ಬಂದು, ಖಾಸಗಿ ಗೈಡ್ ಸಮೇತ ಕಾರು ಬುಕ್ ಮಾಡಿದವರಿಗೆ ಮೊದಲು ಎದುರಾಗುವುದು 108 ಅಡಿಯ ಕೆಂಪೇಗೌಡರ ಪ್ರತಿಮೆ. 2022ರ ನವೆಂಬರ್‌ನಲ್ಲಿ ಪ್ರಧಾನಿ ಅನಾವರಣ ಮಾಡಿದ್ದು. ಅಲ್ಲಿಂದ ಕಾರು ಯಲಹಂಕದ ಪಕ್ಕದಲ್ಲೇ ಹಾದು, ಹೆಬ್ಬಾಳದ ಫ್ಲೈಓವರ್ ಹತ್ತಿ ಇಳಿದು, ಸೀದಾ ಅರಮನೆಗೋ ವಿಧಾನಸೌಧಕ್ಕೋ ಹೋಗಿ ನಿಲ್ಲುತ್ತದೆ. ಕೆಂಪೇಗೌಡರು ಯಲಹಂಕ ನಾಡಪ್ರಭುಗಳು. ಆ ಯಲಹಂಕದಲ್ಲಿ ಕಾರು ನಿಲ್ಲಲ್ಲ. ಹೆಬ್ಬಾಳದಲ್ಲಿ 1,200 ವರ್ಷಕ್ಕೂ ಹಳೆಯ ಕನ್ನಡ ಶಾಸನವಿದೆ. ಅಲ್ಲೂ ನಿಲ್ಲಲ್ಲ.

ಯಾಕೆ? ಗೈಡ್‌ಗಳಿಗೆ ಗೊತ್ತಿಲ್ಲ ಅಂತ ಹೇಳಿ ಮುಗಿಸಿಬಿಡಬಹುದು. ಆದರೆ ಉತ್ತರ ಅಷ್ಟು ಸರಳ ಇಲ್ಲ. ಒಂದು ದಿನದ ಟೂರಿನ ದಾರಿಯನ್ನು ಟ್ಯಾಕ್ಸಿ ಪ್ಯಾಕೇಜು, ಟಿಕೆಟ್ ಕೌಂಟರು, ಕಾನೂನು ಮತ್ತು ಸ್ಟಾರ್ ರೇಟಿಂಗು ಸೇರಿ ನಿರ್ಧರಿಸುತ್ತವೆ. ಆ ದಾರಿಯಲ್ಲಿ ಇಲ್ಲದ್ದು ನಿಧಾನಕ್ಕೆ 'ಚರಿತ್ರೆ' ಅನ್ನೋ ಲೆಕ್ಕದಿಂದಲೇ ಬಿಟ್ಟುಹೋಗುತ್ತದೆ. ತಣಿಸಂದ್ರದಲ್ಲಿ ಬಾಡಿಗೆಗಿರುವ ನನ್ನಂಥವರಿಗೆ ಇದು ಸ್ವಲ್ಪ ಜಾಸ್ತಿಯೇ ತಟ್ಟುವ ವಿಷಯ.

ಮೊದಲು ಕಾರಿನ ಲೆಕ್ಕ

ಬೆಂಗಳೂರಿನಲ್ಲಿ ಟ್ಯಾಕ್ಸಿಗಳ ಮಾಮೂಲಿ ದಿನದ ಪ್ಯಾಕೇಜು ಎಂಟು ಗಂಟೆ, 80 ಕಿಲೋಮೀಟರ್. ಖಾಸಗಿ ಟೂರುಗಳಲ್ಲಿ ಹೆಚ್ಚಿನವು ಈ ಅಳತೆಯ ಒಳಗೇ ಹೊಲಿದ ಅಂಗಿಗಳು. ತಣಿಸಂದ್ರ ಮುಖ್ಯರಸ್ತೆಯಿಂದ ಬೆಳಿಗ್ಗೆ ಒಂಬತ್ತಕ್ಕೆ ಹೊರಟರೆ ನಾಗವಾರ ಜಂಕ್ಷನ್ನು, ಮಾನ್ಯತಾ ಟೆಕ್ ಪಾರ್ಕಿನ ಎದುರಿನ ರಿಂಗ್ ರೋಡು ದಾಟುವಷ್ಟರಲ್ಲೇ ಎಂಟು ಗಂಟೆಯಲ್ಲಿ ಒಂದು ಗಂಟೆ ಕರಗಿರುತ್ತದೆ. ಉಳಿದ ಏಳು ಗಂಟೆಯಲ್ಲಿ ಊಟ, ಕಾಫಿ, ಪಾರ್ಕಿಂಗು ಕಳೆಯಿರಿ. ಹೀಗಾಗಿ ಒಂದಕ್ಕೊಂದು ಹತ್ತಿರ ಇರುವ, ಕಾರು ನಿಲ್ಲಿಸಲು ಜಾಗವಿರುವ, ಫೋಟೋ ಚೆನ್ನಾಗಿ ಬರುವ ಐದಾರು ಜಾಗಗಳೇ ಎಲ್ಲರ ಪಟ್ಟಿಯಲ್ಲೂ ಇರುತ್ತವೆ: ಬೆಂಗಳೂರು ಅರಮನೆ, ವಿಧಾನಸೌಧ, ಕಬ್ಬನ್ ಪಾರ್ಕ್, ಟಿಪ್ಪು ಬೇಸಿಗೆ ಅರಮನೆ, ಲಾಲ್‌ಬಾಗ್, ಬಸವನಗುಡಿಯ ದೊಡ್ಡ ಬಸವಣ್ಣ.

ಇದರಲ್ಲಿ ಕಮಿಷನ್ನಿನ ಲೆಕ್ಕವೂ ಸೇರುತ್ತದೆ. ಬುಕಿಂಗ್ ತಾಣ ತನ್ನ ಪಾಲು ಹಿಡಿದುಕೊಂಡೇ ಟೂರ್ ಕಂಪನಿಗೆ ಹಣ ಕೊಡುತ್ತದೆ, ಕಂಪನಿ ತನ್ನ ಪಾಲು ಹಿಡಿದು ಡ್ರೈವರ್‌ಗೆ, ಗೈಡ್‌ಗೆ ಕೊಡುತ್ತದೆ. ಕೊನೆಯಲ್ಲಿ ನಿಂತವರಿಗೆ ಉಳಿಯುವುದು ಕಡಿಮೆ. 'ಹತ್ತು ನಿಮಿಷ ರೇಷ್ಮೆ ಅಂಗಡಿ ನೋಡಿ ಸರ್, ತಗೊಳ್ಳಲೇಬೇಕು ಅಂತೇನಿಲ್ಲ' ಅನ್ನೋ ಮಾತು ಹುಟ್ಟುವುದು ಇಲ್ಲೇ. ಗೈಡನ್ನು ಬೈಯುವ ಮುಂಚೆ ಈ ಸರಪಳಿ ನೋಡಬೇಕು.

ಲೈಸೆನ್ಸ್ ಎಲ್ಲಿಗೆ, ಎಲ್ಲಿವರೆಗೆ?

ಗೈಡ್ ಅಂದ್ರೆ ಯಾರು? ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಪ್ರಾದೇಶಿಕ ಮಟ್ಟದ ಗೈಡ್‌ಗಳಿದ್ದಾರೆ, ರಾಜ್ಯದ ಪ್ರವಾಸೋದ್ಯಮ ಇಲಾಖೆ ತರಬೇತಿ ಕೊಟ್ಟವರಿದ್ದಾರೆ, ಆನ್‌ಲೈನ್ ಕೋರ್ಸ್ ಮುಗಿಸಿ ಪ್ರಮಾಣಪತ್ರ ಪಡೆಯುವ ವ್ಯವಸ್ಥೆಯೂ ಇದೆ. ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ, ಅಂದ್ರೆ ಎಎಸ್‌ಐನ ಸಂರಕ್ಷಿತ ಸ್ಮಾರಕದ ಒಳಗೆ ಪರವಾನಗಿ ಇದ್ದವರೇ ವಿವರಣೆ ಕೊಡಬೇಕು ಅನ್ನೋದು ನಿಯಮ. ಟಿಪ್ಪು ಅರಮನೆ ಅಂಥ ಸ್ಮಾರಕ. ಬೆಂಗಳೂರು ಅರಮನೆಯ ಕತೆಯೇ ಬೇರೆ. ಅಲ್ಲಿ ಟಿಕೆಟ್ ಕೊಡುವುದು ರಾಜಮನೆತನದ ಕಡೆಯವರು. ಅದನ್ನು ಸ್ವಾಧೀನಕ್ಕೆ ಪಡೆಯಲು ರಾಜ್ಯ ಸರ್ಕಾರ 1996ರಲ್ಲೇ ಕಾನೂನು ಮಾಡಿತು, ವ್ಯಾಜ್ಯ ದಶಕಗಳ ಕಾಲ ಕೋರ್ಟಿನಲ್ಲಿ ಎಳೆಯಿತು. ಟೂರಿನಲ್ಲಿ ನಿಮಗೆ ಹೇಳುವುದು ಅದು ಇಂಗ್ಲೆಂಡಿನ ಕೋಟೆಯ ಹಾಗಿದೆ ಅಂತ. ಆ ನೆಲ ಯಾರದು ಅನ್ನೋ ಪ್ರಶ್ನೆ ವಿವರಣೆಯಲ್ಲಿ ಬರಲ್ಲ.

ಪರವಾನಗಿ ವ್ಯವಸ್ಥೆ ಸ್ಮಾರಕದ ಗೇಟಿಗೆ ಮುಗಿಯುತ್ತದೆ. ಬೀದಿಗೆ, ಕೆರೆಗೆ, ಗುಡಿಯ ಹಿಂದೆ ಒರಗಿಸಿಟ್ಟ ವೀರಗಲ್ಲಿಗೆ ಅಧಿಕೃತ ಗೈಡ್ ಅಂತ ಯಾರೂ ಇಲ್ಲ. ಟಿಕೆಟ್ಟಿಲ್ಲ, ಬೋರ್ಡಿಲ್ಲ, ಹಾಗಾಗಿ ಟೂರಿನ ಪಟ್ಟಿಯಲ್ಲೂ ಇಲ್ಲ.

ಕಾಳಿನ ಕತೆ ಮತ್ತು ಕಲ್ಲಿನ ಸಾಕ್ಷಿ

ಕಳೆದ ಬೇಸಿಗೆ ರಜೆಯಲ್ಲಿ ದಾವಣಗೆರೆಯಿಂದ ಅಕ್ಕನ ಮಕ್ಕಳು ಬಂದಿದ್ದಾಗ ಇಂಥದ್ದೇ ಒಂದು ಟೂರ್ ಬುಕ್ ಮಾಡಿದ್ದೆ. ಗೈಡ್ ನಲವತ್ತರ ಆಸುಪಾಸಿನವರು. ಇಂಗ್ಲಿಷ್, ಹಿಂದಿಯಲ್ಲಿ ಪಟಪಟ ಮಾತಾಡೋರು, ನಾವು ಕನ್ನಡದವರು ಅಂತ ಗೊತ್ತಾದ ಮೇಲೆ ಇನ್ನೂ ಖುಷಿಯಾದರು. ಕಾರು ಮೇಖ್ರಿ ಸರ್ಕಲ್ ದಾಟುವಾಗ ಶುರುವಾಯಿತು ಬೆಂದಕಾಳೂರಿನ ಕತೆ. ಹೊಯ್ಸಳ ರಾಜ ವೀರಬಲ್ಲಾಳ ಬೇಟೆಯಲ್ಲಿ ದಾರಿ ತಪ್ಪಿದ್ದು, ಅಜ್ಜಿ ಬೆಂದ ಕಾಳು ಕೊಟ್ಟಿದ್ದು. ಮಕ್ಕಳು ಕಣ್ಣರಳಿಸಿ ಕೇಳಿದರು.

'ಸರ್, ಬೇಗೂರಿನ ಶಾಸನ ಇದೆಯಲ್ಲ?' ಅಂದೆ.

'ಗೊತ್ತು ಸರ್' ಅಂತ ನಕ್ಕರು. 'ಕಾಳು ಅಂದ್ರೆ ಜನ ಕೇಳ್ತಾರೆ. ಶಾಸನ ಅಂದ ತಕ್ಷಣ ಫೋನ್ ತೆಗೀತಾರೆ.'

ಅವರು ಹೇಳಿದ್ದು ನಿಜ. ಆದರೆ ಶಾಸನದಲ್ಲಿ ಇರೋದು ಕತೆಗಿಂತ ಸ್ವಾರಸ್ಯದ ವಿಷಯ. ನಗರದ ದಕ್ಷಿಣದ ಬೇಗೂರಿನ ನಾಗೇಶ್ವರ ಗುಡಿಯ ಆವರಣದಲ್ಲಿರುವ, ಸುಮಾರು ಕ್ರಿ.ಶ. 890ರ ವೀರಗಲ್ಲು 'ಬೆಂಗಳೂರ' ಕಾಳಗವನ್ನು ಹೆಸರಿಸುತ್ತದೆ. ವೀರಬಲ್ಲಾಳನ ಕಾಲ 12ನೇ ಶತಮಾನದ ಕೊನೆ. ಅಂದ್ರೆ ರಾಜನಿಗೆ ಅಜ್ಜಿ ಕಾಳು ಕೊಡುವುದಕ್ಕೆ ಸುಮಾರು 300 ವರ್ಷ ಮೊದಲೇ ಊರಿಗೆ ಆ ಹೆಸರಿತ್ತು. ಎಂಜಿನಿಯರಿಂಗ್ ಓದಿದ ನನಗೆ ಚರಿತ್ರೆ ಹಿಡಿಸಿದ್ದು ಇಂಥ ಜಾಗದಲ್ಲೇ. ಒಂದೇ ಒಂದು ಅಳತೆ ಸಾಕು, ಎಷ್ಟೇ ಚೆಂದದ ಸಿದ್ಧಾಂತವೂ ಬೀಳುತ್ತದೆ.

ಹೆಬ್ಬಾಳದ ಕಲ್ಲು ಇದಕ್ಕಿಂತ ಹಳೆಯದು. 2018ರಲ್ಲಿ ಚರಂಡಿ ಕೆಲಸದ ವೇಳೆ ಬೆಳಕಿಗೆ ಬಂತು. ಗಂಗರ ದೊರೆ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750. ಕಿತ್ತಯ್ಯ ಎಂಬುವನು ಹೋರಾಡಿ ಸತ್ತದ್ದನ್ನು ಹೇಳುತ್ತದೆ. ಈಗಿನ ಹೆಬ್ಬಾಳದ ಹಳೆಯ ರೂಪ 'ಪೆರ್ಬೊಳಲ್' ಅದರಲ್ಲಿದೆ. ಬೆಂಗಳೂರಿನ ಅತಿ ಹಳೆಯ ಕನ್ನಡ ಶಾಸನಗಳಲ್ಲಿ ಇದೊಂದು. ಇದಕ್ಕೆ ಮಂಟಪ ಕಟ್ಟಿಸಲು ಮುಂದೆ ಬಂದವರು ಆಸಕ್ತ ನಾಗರಿಕರು. ನಮ್ಮ ಕಾರು ಅವತ್ತು ಫ್ಲೈಓವರ್ ಮೇಲಿಂದ ಹೋಯಿತು, ಕಿತ್ತಯ್ಯ ಕೆಳಗೆ ಉಳಿದ.

ಮೇಖ್ರಿ ಸರ್ಕಲ್ ಹತ್ತಿರ ಇನ್ನೊಂದು ಗುರುತಿದೆ. ಕೆಂಪೇಗೌಡರ ಹೆಸರಿನ ನಾಲ್ಕು ಗೋಪುರಗಳಲ್ಲಿ ಉತ್ತರದ್ದು. ಉಳಿದವು ಲಾಲ್‌ಬಾಗ್ ಬಂಡೆ, ಕೆಂಪಾಂಬುಧಿ ಕೆರೆ ಮತ್ತು ಹಲಸೂರಿನಲ್ಲಿವೆ. ಊರು ಇಷ್ಟರವರೆಗೆ ಬೆಳೆಯುತ್ತದೆ ಅಂತ ಗುರುತು ಹಾಕಿದ್ದು ಅನ್ನೋದು ಜನರ ನಂಬಿಕೆ. ಲಾಲ್‌ಬಾಗಿನ ಗೋಪುರವನ್ನು ಎಲ್ಲ ಟೂರುಗಳೂ ತೋರಿಸುತ್ತವೆ. ಉತ್ತರದ್ದನ್ನು ತೋರಿಸಿದ್ದು ನಾನು ನೋಡಿಲ್ಲ. ಆ ಗೋಪುರದ ಲೆಕ್ಕದಲ್ಲಿ ತಣಿಸಂದ್ರ ಊರಾಚೆ. ಟೂರ್ ಕಂಪನಿಗಳ ಲೆಕ್ಕದಲ್ಲಿ ಇವತ್ತಿಗೂ ಹಾಗೇ.

'ಅದು ಬೇಡ ಪುಟ್ಟ'

ಟಿಪ್ಪು ಅರಮನೆಯ ಮರದ ಕಂಬಗಳ ನಡುವೆ ಅಕ್ಕನ ಮಗಳು ಗೈಡನ್ನು ಕೇಳಿದಳು: 'ಅಂಕಲ್, ಟಿಪ್ಪು ಒಳ್ಳೆಯವರಾ, ಕೆಟ್ಟವರಾ?' ಅವರು ಸುತ್ತ ಒಮ್ಮೆ ನೋಡಿ, 'ಅದು ಬೇಡ ಪುಟ್ಟ, ಆ ಕಂಬದ ಹತ್ತಿರ ನಿಂತ್ಕೊ, ಫೋಟೋ ತೆಗೀತೀನಿ' ಅಂದರು.

ಇದನ್ನು ಹೆದರಿಕೆ ಅಂತ ಕರೆಯುವುದು ಸುಲಭ. ಟಿಪ್ಪು ಜಯಂತಿಯನ್ನು ಸರ್ಕಾರ 2015ರಲ್ಲಿ ಶುರು ಮಾಡಿ 2019ರಲ್ಲಿ ನಿಲ್ಲಿಸಿದ ರಾಜ್ಯ ಇದು. ಐದು ಸ್ಟಾರ್ ರೇಟಿಂಗ್ ಮೇಲೆ ಮುಂದಿನ ವಾರದ ಕೆಲಸ ನಿಂತಿರುವ ಮನುಷ್ಯ ಯಾಕೆ ಬಾಯಿ ಬಿಡಬೇಕು? ಒಬ್ಬ ಗಿರಾಕಿ ಸಿಟ್ಟಾಗಿ ಒಂದು ಸ್ಟಾರ್ ಒತ್ತಿದರೆ ಅವರ ಪರವಾಗಿ ಮಾತಾಡಲು ಯಾವ ಸಂಘವೂ ಬರಲ್ಲ.

ಆದರೆ ಉತ್ತರ ಕೊಡಲು ಒಂದು ದಾರಿ ಇದೆ. ತೀರ್ಪು ಕೊಡದೆ ಸಾಕ್ಷಿಗಳನ್ನು ಮುಂದಿಡುವುದು. ಈ ಅರಮನೆ ಶುರುವಾಗಿದ್ದು ಹೈದರಾಲಿಯ ಕಾಲದಲ್ಲಿ, ಮುಗಿದಿದ್ದು 1791ರಲ್ಲಿ. ಅದೇ ವರ್ಷ ಮಾರ್ಚ್ 21ರಂದು ಕಾರ್ನ್‌ವಾಲಿಸ್‌ನ ಸೇನೆ ಹತ್ತಿರದಲ್ಲೇ ಕೋಟೆಗೋಡೆ ಒಡೆದು ನುಗ್ಗಿತು. ಅರಮನೆಗೆ ಅಂಟಿಕೊಂಡಂತೆ ಇರುವ ಕೋಟೆ ವೆಂಕಟರಮಣ ಗುಡಿ ಚಿಕ್ಕದೇವರಾಜ ಒಡೆಯರ ಕಾಲದ್ದು, ಟಿಪ್ಪು ಆಳ್ವಿಕೆಯಲ್ಲೂ ಅಲ್ಲೇ ಇತ್ತು. ಶೃಂಗೇರಿ ಮಠಕ್ಕೆ ಟಿಪ್ಪು ಬರೆದ ಪತ್ರಗಳಿವೆ. ಕೊಡಗಿನವರ, ಮಲಬಾರಿನವರ ನೋವಿನ ನೆನಪುಗಳೂ ಇವೆ. ಇಷ್ಟನ್ನು ಪಕ್ಕಪಕ್ಕ ಇಟ್ಟರೆ ಹತ್ತು ವರ್ಷದ ಮಗುವೂ ತಾನೇ ಯೋಚಿಸುತ್ತದೆ. ಗೈಡ್ ತರಬೇತಿಯಲ್ಲಿ ಕಲಿಸಬೇಕಾದ್ದು ಈ ಕೌಶಲ.

ತಣಿಸಂದ್ರದಲ್ಲಿ ನೋಡೋಕೆ ಏನಿದೆ?

ಗೆಳೆಯರು ನಕ್ಕು ಕೇಳುವ ಪ್ರಶ್ನೆ ಇದು. ಹೆಸರಿನಿಂದಲೇ ಶುರು ಮಾಡಬಹುದು. ಬೊಮ್ಮಸಂದ್ರ, ಸಿಂಗಸಂದ್ರ, ಚನ್ನಸಂದ್ರ, ತಣಿಸಂದ್ರ: ಈ 'ಸಂದ್ರ' ಬಂದಿದ್ದು 'ಸಮುದ್ರ'ದಿಂದ. ಕೆರೆ ಕಟ್ಟಿಸಿ ಅದಕ್ಕೆ ಸಮುದ್ರ ಅಂತ ಹೆಸರಿಡುವುದು ಈ ನಾಡಿನ ಹಳೆಯ ಪದ್ಧತಿ. ನದಿಯಿಲ್ಲದ ಊರಿನಲ್ಲಿ ಜನ ಮಳೆನೀರು ಹಿಡಿದು ಬದುಕಿದ ದಾಖಲೆ ನಮ್ಮ ಬಸ್ ಸ್ಟಾಪಿನ ಬೋರ್ಡಿನಲ್ಲೇ ಇದೆ. ಪಕ್ಕದ ಜಕ್ಕೂರು ಕೆರೆಯ ನೀರು ಹರಿದು ರಾಚೇನಹಳ್ಳಿ ಕೆರೆಗೆ ಬರುತ್ತದೆ. ಒಂದು ತುಂಬಿದ ಮೇಲೆ ಇನ್ನೊಂದಕ್ಕೆ ಕೋಡಿ ಹರಿಯುವ ಈ ಸರಣಿ ಬೆಂಗಳೂರಿನ ಅಸಲಿ ನೀರಾವರಿ ಎಂಜಿನಿಯರಿಂಗು. ಮಳೆ ಬಂದಾಗ ನಮ್ಮ ರಸ್ತೆಗಳು ಯಾಕೆ ಮುಳುಗುತ್ತವೆ ಅನ್ನೋದಕ್ಕೆ ಅಲ್ಲಿ ನಿಂತು ಕೊಡುವ ವಿವರಣೆ ಯಾವ ಟಿವಿ ಚರ್ಚೆಗಿಂತಲೂ ಸ್ಪಷ್ಟ.

ಇನ್ನು ಹೊಸ ಚರಿತ್ರೆ. 2003ರಲ್ಲಿ ಬಿಡಿಎ ಅರ್ಕಾವತಿ ಬಡಾವಣೆಗೆ ಪ್ರಾಥಮಿಕ ಅಧಿಸೂಚನೆ ಹೊರಡಿಸಿತು. 16 ಹಳ್ಳಿಗಳ 3,339 ಎಕರೆ. ತಣಿಸಂದ್ರ, ರಾಚೇನಹಳ್ಳಿ, ಜಕ್ಕೂರು, ಸಂಪಿಗೆಹಳ್ಳಿ, ನಾಗವಾರ ಆ ಪಟ್ಟಿಯಲ್ಲಿದ್ದವು. 2004ರ ಅಂತಿಮ ಅಧಿಸೂಚನೆಯಲ್ಲಿ ಅದು 2,750 ಎಕರೆ ಆಯಿತು. ರೈತರು ಕೋರ್ಟಿಗೆ ಹೋದರು. 2010ರಲ್ಲಿ ಸುಪ್ರೀಂ ಕೋರ್ಟ್ ಷರತ್ತುಗಳೊಂದಿಗೆ ಸ್ವಾಧೀನವನ್ನು ಎತ್ತಿಹಿಡಿಯಿತು. ಆಮೇಲೆ ಜಮೀನು ಕೈಬಿಟ್ಟ ವಿವಾದ, 2014ರಲ್ಲಿ ನ್ಯಾಯಮೂರ್ತಿ ಕೆಂಪಣ್ಣ ಆಯೋಗ. ನಾವು ಬಾಡಿಗೆ ಕಟ್ಟುವ ಫ್ಲ್ಯಾಟುಗಳ ಸುತ್ತಮುತ್ತ ಯಾರ ಹೊಲ ಇತ್ತು, ಯಾರಿಗೆ ಸೈಟು ಸಿಕ್ಕಿತು, ಯಾರಿಗೆ ಸಿಗಲಿಲ್ಲ ಅನ್ನೋದು ಕೂಡ ಈ ನಗರದ ಚರಿತ್ರೆಯೇ. ಅರಮನೆಯ ಗಾಜಿನ ದೀಪಗಳಿಗಿಂತ ಇದು ನಮ್ಮ ಬದುಕಿಗೆ ಹತ್ತಿರ.

ಪಟ್ಟಿಯಲ್ಲಿ ಇಲ್ಲದ್ದು ಏನಾಗುತ್ತದೆ?

ಬಿ.ಎಲ್. ರೈಸ್ ಬೆಂಗಳೂರು ಜಿಲ್ಲೆಯ ಶಾಸನಗಳನ್ನು 'ಎಪಿಗ್ರಾಫಿಯಾ ಕರ್ನಾಟಿಕಾ'ದ 9ನೇ ಸಂಪುಟವಾಗಿ ಪ್ರಕಟಿಸಿದ್ದು 1905ರಲ್ಲಿ. ಅದರಲ್ಲಿ ದಾಖಲಾದ ಎಷ್ಟೋ ಕಲ್ಲುಗಳು ಈಗ ಅವುಗಳ ಜಾಗದಲ್ಲಿಲ್ಲ. ರಸ್ತೆ ಅಗಲೀಕರಣ, ಲೇಔಟು, ಅಡಿಪಾಯ ನುಂಗಿವೆ. ಕೇಂದ್ರದ 1958ರ ಸ್ಮಾರಕ ಕಾಯ್ದೆ ಮತ್ತು ಅದರ 2010ರ ತಿದ್ದುಪಡಿ ಪ್ರಕಾರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ. ರಾಜ್ಯಕ್ಕೂ 1961ರ ತನ್ನದೇ ಕಾಯ್ದೆ ಇದೆ. ಆದರೆ ಈ ರಕ್ಷಣೆ ಸಿಗುವುದು ಸಂರಕ್ಷಿತ ಅಂತ ಘೋಷಣೆಯಾದವಕ್ಕೆ ಮಾತ್ರ. ಬೀದಿ ಮೂಲೆಯ ವೀರಗಲ್ಲಿನ ಮುಂದೆ ಜೆಸಿಬಿ ಬಂದು ನಿಂತರೆ ಅದನ್ನು ಕಾಯುವುದು 'ಇದು ನಮ್ಮದು' ಅನ್ನುವ ನೆರೆಹೊರೆಯವರು ಮಾತ್ರ.

ಮಿಥಿಕ್ ಸೊಸೈಟಿ ಕೆಲವು ವರ್ಷಗಳಿಂದ ಬೆಂಗಳೂರಿನ ಶಾಸನಗಳನ್ನು 3ಡಿ ಸ್ಕ್ಯಾನ್ ಮಾಡಿ ಡಿಜಿಟಲ್ ರೂಪದಲ್ಲಿ ಉಳಿಸುತ್ತಿದೆ. ಕಲ್ಲು ಹೋದರೂ ಅಕ್ಷರ ಉಳಿಯುತ್ತದೆ. ಕಲ್ಲೂ ಉಳಿಯಬೇಕಾದರೆ ಜನ ಅದರ ಮುಂದೆ ನಿಲ್ಲಬೇಕು. ಪ್ರವಾಸೋದ್ಯಮಕ್ಕೆ ಇಲ್ಲಿ ನಿಜವಾದ ಕೆಲಸ ಇದೆ.

ಬುಕ್ ಮಾಡುವಾಗ ಕೇಳಿ

ಹಣ ಕೊಡುವವರು ನೀವು, ದಾರಿ ಬದಲಿಸುವ ಅಧಿಕಾರವೂ ನಿಮ್ಮದೇ. ನಾಲ್ಕು ಪ್ರಶ್ನೆ ಸಾಕು. ಒಂದು, ಗೈಡ್‌ಗೆ ಯಾವ ಇಲಾಖೆಯ ಪರವಾನಗಿ ಇದೆ? ಎರಡು, ನಾನು ಕೊಡುವ ಹಣದಲ್ಲಿ ಗೈಡ್‌ಗೆ ಸೇರುವುದೆಷ್ಟು? ಮೂರು, ಕನ್ನಡದಲ್ಲಿ ವಿವರಿಸುವವರು ಇದ್ದಾರಾ? ನಾನು ನೋಡಿದ ಬುಕಿಂಗ್ ಪುಟಗಳಲ್ಲಿ ಇಂಗ್ಲಿಷ್, ಹಿಂದಿ ಆಯ್ಕೆಗಳು ಸಲೀಸಾಗಿ ಸಿಕ್ಕವು, ಕನ್ನಡಕ್ಕೆ ಫೋನ್ ಮಾಡಿ ಕೇಳಬೇಕಾಯಿತು. ನಾಲ್ಕು, ನಾನು ಹೇಳಿದ ಎರಡು ಜಾಗಗಳನ್ನು ಸೇರಿಸುತ್ತೀರಾ? ಕತೆ ಹೇಳುವಾಗ ಮಧ್ಯೆ 'ಇದು ನಮಗೆ ಹೇಗೆ ಗೊತ್ತು?' ಅಂತ ಕೇಳುವುದನ್ನೂ ಮರೆಯಬೇಡಿ. ಒಳ್ಳೆಯ ಗೈಡ್‌ಗೆ ಆ ಪ್ರಶ್ನೆ ಇಷ್ಟ ಆಗುತ್ತದೆ. ನಮ್ಮ ಗೈಡ್ ಕೂಡ ಬೇಗೂರಿನ ಬಗ್ಗೆ ಊಟದ ಹೊತ್ತಿನಲ್ಲಿ ಅರ್ಧ ಗಂಟೆ ಮಾತಾಡಿದರು, ಕೇಳುವವರು ಸಿಕ್ಕಿದ್ದಕ್ಕೆ.

ಉತ್ತರ ಬೆಂಗಳೂರಿನವರಿಗೆ ಒಂದು ಅರ್ಧ ದಿನದ ದಾರಿ: ಬೆಳಿಗ್ಗೆ ರಾಚೇನಹಳ್ಳಿ ಕೆರೆ ಏರಿ, ಆಮೇಲೆ ಹೆಬ್ಬಾಳದ ಕಿತ್ತಯ್ಯನ ಕಲ್ಲು, ಕೊನೆಗೆ ಮೇಖ್ರಿ ಸರ್ಕಲ್ ಹತ್ತಿರದ ಗೋಪುರ. 80 ಕಿಲೋಮೀಟರಿನ ಪ್ಯಾಕೇಜೇ ಬೇಡ, ಒಂದು ಆಟೋ ಸಾಕು. ಈ ಮೂರೂ ಕಡೆ ಕನ್ನಡದಲ್ಲಿ ಸರಿಯಾದ ವಿವರದ ಬೋರ್ಡು ಹಾಕಿಸಿ, ಆಯಾ ಊರಿನ ಹತ್ತು ಹುಡುಗ ಹುಡುಗಿಯರಿಗೆ ಗೈಡ್ ತರಬೇತಿ ಕೊಡಲು ಪ್ರವಾಸೋದ್ಯಮ ಇಲಾಖೆಗೆ ಪ್ರತಿಮೆಯ ಖರ್ಚೇನೂ ಬರಲ್ಲ. ಮುಂದಿನ ಸಲ ನಿಮ್ಮ ವಾರ್ಡಿಗೆ ಮತ ಕೇಳಲು ಬಂದವರ ಹತ್ತಿರ ಇದನ್ನೂ ಒಂದು ಮಾತು ಕೇಳಿ.