ತಾನಾಗಿ ಬರುವ ತಿದ್ದುಪಡಿ

ಹಳೆಯ ಪುಸ್ತಕಗಳ ಕೊನೆಯಲ್ಲಿ ತಪ್ಪು-ಒಪ್ಪುಗಳ ಪಟ್ಟಿಯೊಂದನ್ನು ನೀವು ಕಂಡಿರಬಹುದು. ಅಚ್ಚಾದ ಮೇಲೆ ಕಣ್ಣಿಗೆ ಬಿದ್ದ ದೋಷಗಳನ್ನು ಪ್ರಕಾಶಕರು ಅಲ್ಲಿ ಸೂಚಿಸಿರುತ್ತಾರೆ. ಓದುಗನು ಅದನ್ನು ನೋಡಿ ಪುಟಗಳನ್ನು ತಿದ್ದಿಕೊಳ್ಳಬಹುದು, ಸುಮ್ಮನೆಯೂ ಇರಬಹುದು. ನಿಜ ಹೇಳುವುದಾದರೆ, ತಿದ್ದಿಕೊಳ್ಳುವವರು ಬಹಳ ವಿರಳ.

ಕಂಪ್ಯೂಟರನ್ನು ನಡೆಸುವ ಆದೇಶಗಳ ಸಮೂಹಕ್ಕೆ ತಂತ್ರಾಂಶವೆಂದು ಹೆಸರು. ಅದೂ ಮನುಷ್ಯರೇ ಬರೆದದ್ದು. ದೊಡ್ಡ ತಂತ್ರಾಂಶವೊಂದರಲ್ಲಿ ಲಕ್ಷಾಂತರ ಸಾಲುಗಳಿರುವುದರಿಂದ ತಪ್ಪುಗಳು ಉಳಿಯದೆ ಇರಲಾರವು. ಆದರೆ ಇಲ್ಲಿನ ತಪ್ಪು ಅಚ್ಚಿನ ತಪ್ಪಿನಂತೆ ನಿರುಪದ್ರವಿಯಲ್ಲ. ಕಳ್ಳರು ಒಳನುಗ್ಗಲು ಅದು ಬಾಗಿಲಾಗುತ್ತದೆ. ಆದುದರಿಂದ ತಯಾರಕರು ತಿದ್ದುಪಡಿಯನ್ನು ಸಿದ್ಧಪಡಿಸಿ ಅಂತರಜಾಲದ ಮೂಲಕ ಕಳುಹಿಸುತ್ತಾರೆ. ಇದನ್ನೇ ಜನರು ಅಪ್‌ಡೇಟ್ ಎನ್ನುವುದು. ಮೊದಲು ಯಂತ್ರದ ಒಡೆಯನು ಕೇಳಿ ಪಡೆಯಬೇಕಾಗಿದ್ದ ಈ ತಿದ್ದುಪಡಿಯು ಈಗ ಬಹುಮಟ್ಟಿಗೆ ಕೇಳದೆಯೇ ಬರುತ್ತದೆ. ಮನೆಯವರು ನಿದ್ರಿಸುತ್ತಿರುವಾಗ ಫೋನು ತನ್ನನ್ನು ತಾನೇ ತಿದ್ದಿಕೊಂಡಿರುತ್ತದೆ. ಇದೊಂದು ಸೌಕರ್ಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ತಿದ್ದುಪಡಿಯೇ ತಪ್ಪಾಗಿದ್ದರೆ?

2024ರ ಜುಲೈ 19ರಂದು ಜಗತ್ತಿಗೆ ಈ ಪ್ರಶ್ನೆ ಎದುರಾಯಿತು. ಅಮೆರಿಕದ ಕ್ರೌಡ್‌ಸ್ಟ್ರೈಕ್ ಎಂಬ ಸಂಸ್ಥೆಯು ಕಂಪ್ಯೂಟರುಗಳಿಗೆ ಕಾವಲು ಕಾಯುವ ತಂತ್ರಾಂಶವನ್ನು ತಯಾರಿಸುತ್ತದೆ. ದೊಡ್ಡ ಕಂಪೆನಿಗಳು, ಬ್ಯಾಂಕುಗಳು, ಆಸ್ಪತ್ರೆಗಳು, ವಿಮಾನಸಂಸ್ಥೆಗಳು ಅದರ ಗ್ರಾಹಕರು. ಭಾರತೀಯ ಕಾಲಮಾನದಂತೆ ಅಂದು ಬೆಳಿಗ್ಗೆ 9 ಗಂಟೆ 39 ನಿಮಿಷಕ್ಕೆ ಆ ಸಂಸ್ಥೆಯಿಂದ ಪುಟ್ಟದೊಂದು ಕಡತವು ಹೊರಟಿತು. ಹೊಸ ಬಗೆಯ ದಾಳಿಗಳನ್ನು ಗುರುತಿಸಲು ಬೇಕಾದ ಸೂಚನೆಗಳು ಅದರಲ್ಲಿದ್ದವು. ಅದು ತಲುಪಿದ ವಿಂಡೋಸ್ ಕಂಪ್ಯೂಟರುಗಳ ಪರದೆಗಳು ನೀಲಿಬಣ್ಣಕ್ಕೆ ತಿರುಗಿ, ಯಂತ್ರಗಳು ನಿಂತುಹೋದವು. 78 ನಿಮಿಷಗಳ ತರುವಾಯ ಸಂಸ್ಥೆಯು ಕಡತವನ್ನು ಹಿಂತೆಗೆದುಕೊಂಡಿತು. ಆ ವೇಳೆಗೆ ಆಗಬೇಕಾದುದು ಆಗಿಹೋಗಿತ್ತು. ಕೆಟ್ಟುನಿಂತ ಯಂತ್ರಗಳ ಸಂಖ್ಯೆ ಸುಮಾರು 85 ಲಕ್ಷವೆಂದು ಮೈಕ್ರೋಸಾಫ್ಟ್ ಅಂದಾಜು ಮಾಡಿತು. ಜಗತ್ತಿನಲ್ಲಿರುವ ಒಟ್ಟು ವಿಂಡೋಸ್ ಯಂತ್ರಗಳಲ್ಲಿ ಇದು ನೂರಕ್ಕೆ ಒಂದು ಪಾಲಿಗಿಂತಲೂ ಕಡಮೆ. ಆದರೆ ಆ ಒಂದು ಪಾಲು ಎಲ್ಲಿತ್ತೆಂಬುದು ಮುಖ್ಯ. ಬ್ರಿಟನ್ನಿನಲ್ಲಿ ವೈದ್ಯರಿಗೆ ರೋಗಿಗಳ ದಾಖಲೆಗಳು ಸಿಗಲಿಲ್ಲ. ಅಲ್ಲಿನ ಒಂದು ವಾರ್ತಾವಾಹಿನಿಯ ಪ್ರಸಾರವೇ ಕೆಲಕಾಲ ನಿಂತಿತು. ಅಮೆರಿಕದ ಡೆಲ್ಟಾ ವಿಮಾನಸಂಸ್ಥೆಯು ಮುಂದಿನ ಕೆಲವು ದಿನಗಳಲ್ಲಿ ಸುಮಾರು 7,000 ಯಾನಗಳನ್ನು ರದ್ದುಪಡಿಸಬೇಕಾಯಿತು. ನಮ್ಮ ಬೆಂಗಳೂರಿನ ವಿಮಾನನಿಲ್ದಾಣದಲ್ಲಿಯೂ ಪ್ರಯಾಣಿಕರು ಉದ್ದನೆಯ ಸಾಲುಗಳಲ್ಲಿ ನಿಂತರು. ಭಾರತದ ಹಲವು ನಿಲ್ದಾಣಗಳಲ್ಲಿ ಸಿಬ್ಬಂದಿಯು ಬೋರ್ಡಿಂಗ್ ಪಾಸುಗಳನ್ನು ಪೆನ್ನು ಹಿಡಿದು ಕೈಯಿಂದಲೇ ಬರೆದುಕೊಟ್ಟರು.

ಇಷ್ಟು ದೊಡ್ಡ ಅನಾಹುತಕ್ಕೆ ಕಾರಣವಾದ ತಪ್ಪು ಎಷ್ಟು ಸಣ್ಣದೆಂಬುದನ್ನು ತಿಳಿದರೆ ಆಶ್ಚರ್ಯವಾಗುತ್ತದೆ. 20 ಹೆಸರುಗಳಿರುವ ಹಾಜರಿ ಪುಸ್ತಕವನ್ನು ಕೈಗಿತ್ತು, 21ನೆಯ ಹೆಸರನ್ನು ಕೂಗೆಂದರೆ ನಿಮ್ಮ ಉಪಾಧ್ಯಾಯರು ಏನು ಮಾಡುತ್ತಾರೆ? ನಕ್ಕು ಪುಸ್ತಕವನ್ನು ಮುಚ್ಚುತ್ತಾರೆ. ಯಂತ್ರಕ್ಕೆ ಆ ವಿವೇಕವಿಲ್ಲ. ಕಾವಲು ತಂತ್ರಾಂಶವು 20 ಅಂಶಗಳನ್ನು ಮಾತ್ರ ಒದಗಿಸುತ್ತಿತ್ತು; ಹೊಸ ಕಡತವು 21ನೆಯ ಅಂಶವನ್ನೂ ನೋಡಬೇಕೆಂದು ವಿಧಿಸಿತ್ತು. ಯಂತ್ರವು ಪಟ್ಟಿಯ ಎಲ್ಲೆಯನ್ನು ದಾಟಿ, ತನಗೆ ಸಂಬಂಧಿಸದ ನೆನಪಿನ ಭಾಗಕ್ಕೆ ಕೈಹಾಕಿತು. ಈ ವ್ಯತ್ಯಾಸವು ತಿಂಗಳುಗಳಿಂದಲೂ ಅಲ್ಲಿತ್ತು. ಅದುವರೆಗಿನ ಕಡತಗಳು 21ನೆಯ ಅಂಶದಲ್ಲಿ ಏನಿದ್ದರೂ ಸರಿಯೆಂದು ಬಿಟ್ಟಿದ್ದರಿಂದ ತಪ್ಪು ನಿದ್ರಿಸುತ್ತಿತ್ತು. ಕಳುಹಿಸುವ ಮೊದಲು ಕಡತವನ್ನು ಪರೀಕ್ಷಿಸುವ ತಂತ್ರಾಂಶವೊಂದಿತ್ತು. ಅದರಲ್ಲಿಯೂ ದೋಷವಿದ್ದು, ಕಡತವು ಸರಿಯಾಗಿದೆಯೆಂದು ಅದು ತೀರ್ಪು ಕೊಟ್ಟಿತು!

ಒಂದು ತಂತ್ರಾಂಶವು ಕೆಟ್ಟರೆ ಇಡೀ ಯಂತ್ರವೇಕೆ ನಿಲ್ಲಬೇಕು? ಕಂಪ್ಯೂಟರನ್ನು ದೇವಾಲಯಕ್ಕೆ ಹೋಲಿಸಬಹುದು. ನಾವು ಬಳಸುವ ಸಾಮಾನ್ಯ ತಂತ್ರಾಂಶಗಳು ಹೊರಗಿನ ಪ್ರಾಕಾರದಲ್ಲಿರುವ ಭಕ್ತರಂತೆ. ಅವರಲ್ಲೊಬ್ಬನು ಎಡವಿಬಿದ್ದರೆ ಪೂಜೆಯೇನೂ ನಿಲ್ಲುವುದಿಲ್ಲ. ಕರ್ನೆಲ್ ಎಂಬ ಒಳಭಾಗವಾದರೋ ಗರ್ಭಗುಡಿ. ಕಳ್ಳನು ಅಲ್ಲಿಗೂ ನುಗ್ಗಬಲ್ಲನಾದ್ದರಿಂದ ಕಾವಲುಗಾರನಿಗೂ ಅಲ್ಲಿ ಪ್ರವೇಶ ಕೊಟ್ಟಿರುತ್ತಾರೆ. ಅಲ್ಲಿ ತಪ್ಪು ನಡೆದರೆ ಇನ್ನಷ್ಟು ಹಾನಿಯಾಗದಿರಲೆಂದು ಯಂತ್ರವು ತನ್ನನ್ನು ತಾನೇ ನಿಲ್ಲಿಸಿಕೊಳ್ಳುತ್ತದೆ. ಮತ್ತೆ ಚಾಲೂ ಮಾಡಿದರೆ ಕಾವಲುಗಾರನು ಮೊದಲು ಎದ್ದು, ಅದೇ ಕಡತವನ್ನು ಓದಿ, ಪುನಃ ಬೀಳುತ್ತಾನೆ.

ಹೀಗಾಗಿ ಪರಿಹಾರವು ತಾನಾಗಿ ಬರುವಂತಿರಲಿಲ್ಲ. ತಪ್ಪು ಒಂದು ಗಂಟೆಯೊಳಗೆ ಜಗತ್ತನ್ನು ಸುತ್ತಿತು. ಬಹುಪಾಲು ಯಂತ್ರಗಳಲ್ಲಿ ಅದನ್ನು ತೆಗೆಯಲು ಮನುಷ್ಯರೇ ಒಂದೊಂದರ ಮುಂದೆಯೂ ಕುಳಿತುಕೊಳ್ಳಬೇಕಾಯಿತು. ಯಂತ್ರವನ್ನು ವಿಶೇಷ ರೀತಿಯಲ್ಲಿ ಎಬ್ಬಿಸಿ, ಆ ಕಡತವನ್ನು ಹುಡುಕಿ ಅಳಿಸಬೇಕು. ಭದ್ರತೆಗಾಗಿ ಬೀಗಮುದ್ರೆ ಹಾಕಿದ್ದ ಯಂತ್ರಗಳಿಗೆ ಮೊದಲು 48 ಅಂಕಿಗಳ ಗುಪ್ತಸಂಖ್ಯೆಯನ್ನು ಕೊಡಬೇಕು. ಜುಲೈ 29ರ ಹೊತ್ತಿಗೆ, ಎಂದರೆ ಹತ್ತು ದಿನಗಳ ಮೇಲೆ, ನೂರಕ್ಕೆ 99ರಷ್ಟು ಯಂತ್ರಗಳು ಮತ್ತೆ ಕೆಲಸಮಾಡತೊಡಗಿದುವೆಂದು ಸಂಸ್ಥೆಯು ತಿಳಿಸಿತು.

ಇಂತಹ ಘಟನೆ ಇದೇ ಮೊದಲಲ್ಲ. 2010ರ ಏಪ್ರಿಲ್ 21ರಂದು ಮ್ಯಾಕಫೀ ಸಂಸ್ಥೆಯ ತಿದ್ದುಪಡಿಯು ವಿಂಡೋಸ್ ಎಕ್ಸ್‌ಪಿಗೆ ಅತ್ಯವಶ್ಯವಾದ ಕಡತವೊಂದನ್ನೇ ವೈರಸ್ಸೆಂದು ತಿಳಿದು ಹಿಡಿದುಹಾಕಿತು. ಮನೆಯ ಯಜಮಾನನನ್ನೇ ಕಳ್ಳನೆಂದು ಕಟ್ಟಿಹಾಕಿದ ಕಾವಲುಗಾರನ ಕಥೆ ಅದು.

ಹಾಗಾದರೆ ತಾನಾಗಿ ಬರುವ ತಿದ್ದುಪಡಿಯೇ ಬೇಡವೆನ್ನೋಣವೆ? ಹಾಗೆನ್ನುವವರು 2017ನ್ನು ನೆನೆಯಬೇಕು. ವಿಂಡೋಸಿನಲ್ಲಿದ್ದ ಒಂದು ದೋಷಕ್ಕೆ ಮೈಕ್ರೋಸಾಫ್ಟ್ ಆ ವರ್ಷದ ಮಾರ್ಚ್ 14ರಂದು ತಿದ್ದುಪಡಿಯನ್ನು ಹೊರಡಿಸಿತು. ಅನೇಕ ಕಚೇರಿಗಳು ಆಮೇಲೆ ನೋಡೋಣವೆಂದು ಸುಮ್ಮನಿದ್ದವು. ಮೇ 12ರಂದು ವಾನಾಕ್ರೈ ಎಂಬ ದುಷ್ಟ ತಂತ್ರಾಂಶವು ಅದೇ ಬಾಗಿಲಿನಿಂದ ನುಗ್ಗಿತು. ಸುಮಾರು 150 ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಯಂತ್ರಗಳ ಕಡತಗಳಿಗೆ ಬೀಗಜಡಿದು ಹಣವನ್ನು ಕೇಳಿತು. ಇಂಗ್ಲೆಂಡಿನ ಸಾರ್ವಜನಿಕ ಆಸ್ಪತ್ರೆಗಳಲ್ಲಿ ಸಾವಿರಾರು ರೋಗಿಗಳ ಭೇಟಿಗಳು ರದ್ದಾದವು. ಮತ್ತೊಂದು ಸೂಕ್ಷ್ಮವಿದೆ: ತಿದ್ದುಪಡಿಯು ಪ್ರಕಟವಾಯಿತೆಂದರೆ ಬಾಗಿಲು ಎಲ್ಲಿದೆಯೆಂಬುದು ಕಳ್ಳರಿಗೂ ತಿಳಿದಂತೆಯೇ. ಅಲ್ಲಿಂದ ಮುಂದೆ ತಡಮಾಡಿದ ಪ್ರತಿ ದಿನವೂ ಅಪಾಯದ ದಿನ. ತಪ್ಪು-ಒಪ್ಪುಗಳ ಪಟ್ಟಿಯನ್ನು ಯಾರೂ ನೋಡುವುದಿಲ್ಲವೆಂದು ಮೊದಲೇ ಹೇಳಿದೆನಷ್ಟೆ. ಎಲ್ಲವನ್ನೂ ಬಳಕೆದಾರರ ಇಷ್ಟಕ್ಕೆ ಬಿಟ್ಟರೆ ಆಗುವುದು ಅದೇ.

ಆದುದರಿಂದ ತಿದ್ದುಪಡಿಯು ತಾನಾಗಿ ಬಂದದ್ದೇ ದೋಷವೆನ್ನಲಾಗದು. ಅದು ಎಲ್ಲರ ಬಳಿಗೂ ಒಂದೇ ಗಳಿಗೆಯಲ್ಲಿ ಬಂದುದರಲ್ಲಿ ದೋಷವಿದೆ. ಅನ್ನ ಬೆಂದಿದೆಯೆ ಎಂದು ತಿಳಿಯಲು ಅಡಿಗೆಯವರು ಒಂದೆರಡು ಅಗುಳನ್ನು ಹಿಸುಕಿ ನೋಡುತ್ತಾರೆ. ನೋಡದೆಯೇ ಸಾವಿರ ಎಲೆಗಳಿಗೆ ಬಡಿಸುವುದಿಲ್ಲ. ಕೆಲವೇ ಯಂತ್ರಗಳಿಗೆ ಮೊದಲು ಕಳುಹಿಸಿ, ಅವು ಕುಶಲವಾಗಿದ್ದರೆ ಉಳಿದವಕ್ಕೆ ಕಳುಹಿಸುವ ಕ್ರಮವು ತಂತ್ರಜ್ಞರಿಗೆ ಹೊಸತೇನಲ್ಲ. ಕ್ರೌಡ್‌ಸ್ಟ್ರೈಕ್ ತನ್ನ ಮುಖ್ಯ ತಂತ್ರಾಂಶದ ವಿಷಯದಲ್ಲಿ ಗ್ರಾಹಕರಿಗೆ ಆಯ್ಕೆಯನ್ನು ಕೊಟ್ಟೂ ಇತ್ತು: ಹೊಚ್ಚಹೊಸ ಆವೃತ್ತಿಯನ್ನು ಬಿಟ್ಟು ಅದರ ಹಿಂದಿನದನ್ನೇ ಇಟ್ಟುಕೊಳ್ಳಬಹುದಾಗಿತ್ತು. ಎಚ್ಚರಿಕೆಯುಳ್ಳ ಅನೇಕರು ಹಾಗೆಯೇ ಮಾಡಿದ್ದರು. ಆದರೆ ದಾಳಿಗಳನ್ನು ಗುರುತಿಸುವ ಸೂಚನೆಗಳ ಕಡತಕ್ಕೆ ಆ ನಿಯಮವು ಅನ್ವಯಿಸುತ್ತಿರಲಿಲ್ಲ. ಎಚ್ಚರಿಕೆಯುಳ್ಳವರ ಯಂತ್ರಗಳೂ ಉಳಿದವರ ಯಂತ್ರಗಳೊಡನೆಯೇ ಬಿದ್ದವು. ಇಡೀ ಪ್ರಕರಣದಲ್ಲಿ ನನಗೆ ಅತ್ಯಂತ ಅನ್ಯಾಯವೆನಿಸುವುದು ಇದು. ಯಂತ್ರದ ಒಡೆಯನಿಗೆ ಆಯ್ಕೆಯಿದೆಯೆಂದು ತೋರಿಸಿ, ಬೇರೊಂದು ಬಾಗಿಲಿನಿಂದ ಅವನನ್ನು ಕೇಳದೆಯೇ ಒಳಬಂದಂತಾಯಿತು.

ಈ ಘಟನೆಯ ಬಳಿಕ ಸಂಸ್ಥೆಯು ಅಂತಹ ಕಡತಗಳನ್ನೂ ಹಂತಹಂತವಾಗಿ ಕಳುಹಿಸುವುದಾಗಿಯೂ, ಅವು ಯಾವಾಗ ಬರಬೇಕೆಂಬುದನ್ನು ಗ್ರಾಹಕರೇ ನಿರ್ಧರಿಸಲು ಅವಕಾಶ ಕೊಡುವುದಾಗಿಯೂ ಪ್ರಕಟಿಸಿತು. ಡೆಲ್ಟಾ ಸಂಸ್ಥೆಯು ತನಗಾದ ನಷ್ಟಕ್ಕಾಗಿ 2024ರ ಅಕ್ಟೋಬರ್‌ನಲ್ಲಿ ನ್ಯಾಯಾಲಯದ ಮೆಟ್ಟಿಲನ್ನೇರಿತು. ಕಾವಲು ತಂತ್ರಾಂಶಗಳು ಗರ್ಭಗುಡಿಯ ಹೊರಗೆ ನಿಂತೇ ಕೆಲಸ ಮಾಡಲು ಅನುಕೂಲವಾಗುವ ಹೊಸ ವ್ಯವಸ್ಥೆಯೊಂದನ್ನು ಮೈಕ್ರೋಸಾಫ್ಟ್ 2025ರ ಜೂನ್‌ನಲ್ಲಿ ಘೋಷಿಸಿ, ಮೊದಲು ಕೆಲವೇ ಭದ್ರತಾ ಸಂಸ್ಥೆಗಳಿಗೆ ಪರೀಕ್ಷೆಗಾಗಿ ಕೊಡಲು ಮುಂದಾಯಿತು.