ಬಿಸಿಲು ಎತ್ತುವ ನೀರು

ರಾತ್ರಿ ಹನ್ನೊಂದು ಗಂಟೆ. ಊರೆಲ್ಲ ಮಲಗಿದೆ. ಆಗ ಬರುತ್ತೆ ತ್ರೀ ಫೇಸ್ ಕರೆಂಟು! ಯಜಮಾನರು ಟಾರ್ಚ್ ಹಿಡಿದು ಹೊಲಕ್ಕೆ ಹೊರಡುತ್ತಾರೆ. ದಾರಿಯಲ್ಲಿ ಹಾವು, ಚೇಳು, ಕೆಸರು. ಅವರು ತಿರುಗಿ ಬರೋ ತನಕ ನಮಗೆ ನಿದ್ದೆ ಇಲ್ಲ. ಗಂಡಸರಿಲ್ಲದ ಮನೆಯಲ್ಲಿ ನಾವೇ ಟಾರ್ಚ್ ಹಿಡಿಯಬೇಕು.

ನಮ್ಮ ಬನ್ನೂರು ಕಡೆ ಕಾವೇರಿ ಇದ್ದಾಳೆ, ನಾಲೆ ಇದೆ. ನಾಲೆ ನೀರು ಹರಿಯುವ ಗದ್ದೆಗೆ ಮೋಟಾರು ಬೇಡ. ಆದರೆ ನಾಲೆ ಮುಟ್ಟದ ಹೊಲಕ್ಕೆ? ಅಲ್ಲಿ ಕೊಳವೆ ಬಾವಿಯೇ ಗತಿ. ಹಗಲಲ್ಲೇ ನೀರು ಹಾಯಿಸೋ ಹಾಗಿದ್ದರೆ ಎಷ್ಟು ಚೆನ್ನ ಅಲ್ಲವೇ, ಅಕ್ಕ?

ಅದಕ್ಕೇ ಸೋಲಾರ್ ಪಂಪು ಬಂದಿದೆ. ಹೊಲದ ಮೂಲೆಯಲ್ಲಿ ಗಾಜು ಹೊದಿಸಿದ ನೀಲಿ ಹಲಗೆಗಳನ್ನು ನಿಲ್ಲಿಸುತ್ತಾರೆ. ಒಳಗಿರುವುದು ಸಿಲಿಕಾನ್. ಅದನ್ನು ಮರಳಿನಂಥ ಕಲ್ಲಿನಿಂದ ತೆಗೆಯುತ್ತಾರೆ. ಅದರ ಮೇಲೆ ಬಿಸಿಲು ಬಿದ್ದರೆ ಕರೆಂಟು ಹುಟ್ಟುತ್ತದೆ. ಅದೇ ಮೋಟಾರನ್ನು ತಿರುಗಿಸುತ್ತದೆ. 5 ಎಚ್‌ಪಿ ಮೋಟಾರಿಗೆ 330 ವ್ಯಾಟಿನ ಹಲಗೆಗಳಾದರೆ ಸುಮಾರು 15 ಬೇಕು. ಬೆಳಿಗ್ಗೆ ನೀರು ಸಣ್ಣಗೆ ಬರುತ್ತದೆ. ಹತ್ತರಿಂದ ಮೂರರವರೆಗೆ ಜೋರಾಗಿ ಬರುತ್ತದೆ. ಮೋಡ ಕವಿದರೆ ಕಡಿಮೆ. ರಾತ್ರಿ ಇಲ್ಲವೇ ಇಲ್ಲ.

ಹಲಗೆಯ ಮೇಲೆ ಒಂದು ತೆಂಗಿನ ಗರಿಯ ನೆರಳು ಬಿದ್ದರೂ ಕರೆಂಟು ಕುಗ್ಗುತ್ತದೆ. ಧೂಳು ಕೂತರೂ ಹಾಗೆಯೇ. ಮುಂಜಾನೆ ತಂಪು ಹೊತ್ತಿನಲ್ಲಿ ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಮಧ್ಯಾಹ್ನ ಕಾದ ಗಾಜಿಗೆ ತಣ್ಣೀರು ಎರಚಬಾರದು. ಒಲೆ ಮೇಲಿಂದ ಇಳಿಸಿದ ಗಾಜಿನ ಪಾತ್ರೆಗೆ ಯಾರಾದರೂ ತಣ್ಣೀರು ಹಾಕುತ್ತಾರೆಯೇ? ನಮ್ಮ ಕಡೆಯ ಕುರಿಗಳು ಹಲಗೆಯ ನೆರಳಲ್ಲಿ ಹುಲ್ಲು ಮೇಯಬಹುದು. ಮೇಲೆ ಹತ್ತದ ಹಾಗೆ ನೋಡಿಕೊಂಡರಾಯಿತು.

ಇದರಿಂದ ಗಾಳಿಗೆ ಒಳ್ಳೆಯದು. ಒಂದು ಲೀಟರ್ ಡೀಸೆಲ್ ಉರಿದರೆ ಎರಡೂವರೆ ಕಿಲೋಗೂ ಹೆಚ್ಚು ಇಂಗಾಲದ ಅನಿಲ ಗಾಳಿ ಸೇರುತ್ತದೆ. ಭೂಮಿ ಬಿಸಿಯೇರಲು ಈ ಅನಿಲವೂ ಕಾರಣ. "ನಮ್ಮದು ಕರೆಂಟ್ ಮೋಟಾರು, ಹೊಗೆ ಎಲ್ಲಿದೆ?" ಅನ್ನಬಹುದು. ಹೊಗೆ ನಮಗೆ ಕಾಣಲ್ಲ ಅಷ್ಟೆ. ರಾಯಚೂರಿನಂಥ ಕಡೆ ಕಲ್ಲಿದ್ದಲು ಸುಟ್ಟು ಕರೆಂಟು ಮಾಡುತ್ತಾರೆ. ಹೊಗೆ, ಬೂದಿ ಎರಡೂ ಅಲ್ಲಿನವರ ಪಾಲು.

ಆದರೆ ಒಂದು ಮಾತು ಹೇಳದೆ ಇದ್ದರೆ ತಪ್ಪಾಗುತ್ತದೆ. ಬಿಸಿಲಿಗೆ ಬಿಲ್ಲಿಲ್ಲ. ಬಿಲ್ಲಿಲ್ಲ ಅಂದರೆ ಮೋಟಾರು ನಿಲ್ಲಿಸುವವರು ಯಾರು? ಬೆಳಗಿನಿಂದ ಸಂಜೆವರೆಗೆ ಓಡುತ್ತಲೇ ಇರುತ್ತದೆ. ಸೂರ್ಯ ನಾಳೆಯೂ ಬರುತ್ತಾನೆ. ನೆಲದೊಳಗಿನ ನೀರು ಹಾಗಲ್ಲ, ಮಳೆ ಇಂಗಿದರೆ ಮಾತ್ರ ಉಂಟು. ನಮ್ಮ ಹೊಲದ ಮೋಟಾರು ಹೆಚ್ಚು ಎಳೆದರೆ ಪಕ್ಕದ ಹೊಲದ ಬಾವಿ ಬತ್ತುತ್ತದೆ. ಕೊನೆಗೆ ಕುಡಿಯುವ ನೀರಿನ ಬೋರೂ ಒಣಗುತ್ತದೆ. ಆಮೇಲೆ ಕೊಡ ಹೊತ್ತು ದೂರ ನಡೆಯುವವರು ನಾವೇ ತಾನೆ? ಕೊಳವೆ ಬಾವಿ ನೀರಲ್ಲಿ ಭತ್ತ ಬೆಳೆಯುವುದು ನಮಗಂತೂ ಸರಿ ಕಾಣುವುದಿಲ್ಲ. ರಾಗಿ, ಅವರೆ, ತರಕಾರಿ ಸಾಕು. ತರಕಾರಿಗೆ ಹನಿ ನೀರಾವರಿ ಹಾಕಿದರೆ ನೀರು ಬೇರಿಗೇ ಹೋಗುತ್ತದೆ. ರಾಜಸ್ಥಾನದ ಒಣ ನೆಲದಲ್ಲಿ ಇಸ್ರೇಲಿನಿಂದ ತಂದ ಆಲಿವ್ ಗಿಡಗಳನ್ನು ಹೀಗೆ ಹನಿ ಹನಿ ನೀರಿನಲ್ಲೇ ಬೆಳೆಸಿದರು. ಆಲಿವ್ ಅಂದರೆ ಎಣ್ಣೆ ತೆಗೆಯುವ ಒಂದು ಕಾಯಿ.

2014ರಲ್ಲಿ ನಮ್ಮ ರಾಜ್ಯ ಸರ್ಕಾರ 'ಸೂರ್ಯ ರೈತ' ಎಂಬ ಯೋಜನೆ ತಂದಿತು. ಕನಕಪುರ ತಾಲ್ಲೂಕಿನ ಹಾರೋಬೆಲೆಯಲ್ಲಿ ಅದನ್ನು ಮಾಡಿ ನೋಡಿದರು. ಹೊಲಕ್ಕೆ ಬೇಕಾದಷ್ಟು ನೀರೆತ್ತಿ, ಉಳಿದ ಕರೆಂಟನ್ನು ಕಂಪನಿಗೆ ಮಾರುವುದು ಅದರ ಉಪಾಯ. ಮೋಟಾರು ನಿಲ್ಲಿಸಿದರೆ ದುಡ್ಡು! ಈ ಲೆಕ್ಕ ನಮಗೆ ಹಿಡಿಸಿತು.

2019ರಲ್ಲಿ ಕೇಂದ್ರದ 'ಕುಸುಮ್' ಯೋಜನೆ ಬಂತು. ಅದರಲ್ಲಿ ಸೋಲಾರ್ ಪಂಪಿನ ನಿಗದಿತ ಬೆಲೆಯ ನೂರು ರೂಪಾಯಿಗೆ ಕೇಂದ್ರ 30 ಕೊಟ್ಟಿತು. ಕರ್ನಾಟಕ ತನ್ನ ಪಾಲನ್ನು 30ರಿಂದ 50ಕ್ಕೆ ಏರಿಸಿತು. ಉಳಿದ 20 ರೈತರದು. ಸಹಾಯಧನ ಆಗಾಗ ಬದಲಾಗುತ್ತದೆ. ದುಡ್ಡು ಕಟ್ಟುವ ಮೊದಲು ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ. ಮನೆ ಬಾಗಿಲಿಗೆ ಬಂದು ಮುಂಗಡ ಕೇಳುವವರನ್ನು ನಂಬಬೇಡಿ.

ಅರ್ಜಿ ಹಾಕುವಾಗ ಪಹಣಿ ಕೇಳುತ್ತಾರೆ. ಪೆಟ್ಟಿಗೆಯಿಂದ ಪಹಣಿ ತೆಗೆಯಿರಿ. ಈಗ ನಿಮಗೆ ಓದಲು ಬರುತ್ತದಲ್ಲ! ಖಾತೆ ಯಾರ ಹೆಸರಿನಲ್ಲಿದೆ, ನೀವೇ ಓದಿ ನೋಡಿ.